ಮೂರು ವರ್ಷಕ್ಕೊಂದು ಕಾಲು

ಉಚಿತ ಕೃತಕ ಕಾಲು ಜೋಡಣೆ ಶಿಬಿರ ಮುಗಿದ ಮರುದಿನ ಬರುವ ಪತ್ರಿಕಾ ವರದಿಗೆ ಒಂದು ಸಿದ್ಧ ಅಚ್ಚಿದೆ: ಇಷ್ಟು ಜನರಿಗೆ ಕಾಲು, ಇಷ್ಟು ಜನರಿಗೆ ಊರುಗೋಲು, ಇಷ್ಟು ಜನರಿಗೆ ಮೂರು ಚಕ್ರದ ಸೈಕಲ್ಲು. ವರ್ಷ ಕಳೆದ ಮೇಲೆ ಆ ಕಾಲುಗಳಲ್ಲಿ ಎಷ್ಟು ನಡೆಯುತ್ತಿವೆ, ಎಷ್ಟು ಅಟ್ಟ ಸೇರಿವೆ ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಶಿಬಿರವೆಂಬ ಪದ್ಧತಿಯನ್ನು ತೂಗಬೇಕಾದದ್ದು ಈ ಎರಡನೆಯ ಲೆಕ್ಕದಿಂದ. ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳಿರುವ ಕಲಬುರಗಿ ನಗರಕ್ಕೂ ಬೀದರ್ ರಸ್ತೆಯಲ್ಲಿ ಮೂವತ್ತು–ನಲವತ್ತು ಕಿ.ಮೀ. ಆಚೆಗಿರುವ ಕಮಲಾಪುರದ ಹಳ್ಳಿಗಳಿಗೂ ನಡುವಿನ ಅಂತರವನ್ನು ಇಟ್ಟುಕೊಂಡು ನೋಡಿದರೆ ಈ ತೂಕ ಇನ್ನಷ್ಟು ಸ್ಪಷ್ಟವಾಗುತ್ತದೆ.

ಮೊದಲು ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಶಿಬಿರಗಳಿಗೆ ಬಲ ಕೊಟ್ಟದ್ದು ಜೈಪುರ ಕಾಲು. 1968ರ ಸುಮಾರಿಗೆ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆತಜ್ಞ ಡಾ. ಪಿ.ಕೆ. ಸೇಠಿ ಅದನ್ನು ರೂಪಿಸಿದರು. ಬೂಟು ಹಾಕಿ ಕುರ್ಚಿಯ ಮೇಲೆ ಕೂರುವವರಿಗಾಗಿ ಮಾಡಿದ ಪಾಶ್ಚಾತ್ಯ ಕಾಲು ನಮ್ಮವರಿಗೆ ಒಗ್ಗಿರಲಿಲ್ಲ. ಇವರ ರಬ್ಬರಿನ ಪಾದ ಬರಿಗಾಲಲ್ಲಿ ನಡೆಯಲು, ಕುಕ್ಕರಗಾಲಲ್ಲಿ ಕೂರಲು, ಕೆಸರಿನಲ್ಲಿ ಇಳಿಯಲು ಒದಗಿತು. 1975ರಲ್ಲಿ ಡಿ.ಆರ್. ಮೆಹ್ತಾ ಕಟ್ಟಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಉಚಿತವಾಗಿ ಹಂಚಿತು. ಉಳಿದ ಕಾಲು ಕೂರುವ ಸಾಕೆಟ್ಟನ್ನು ಪ್ಲಾಸ್ಟಿಕ್ ಪೈಪು ಕಾಯಿಸಿ ಒಂದೇ ದಿನದಲ್ಲಿ ಮಾಡಬಹುದಾದ್ದರಿಂದಲೇ ಶಿಬಿರ ಸಾಧ್ಯವಾಯಿತು. ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ ನೀರು ಕಟ್ಟುವವನಿಗೆ, ತೊಗರಿ ರಾಶಿಯ ಕಣದಲ್ಲಿ ನಿಲ್ಲುವವನಿಗೆ ಇದಕ್ಕಿಂತ ಹೊಂದುವ ಪಾದವನ್ನು ಹುಡುಕುವುದು ಕಷ್ಟ. ಆದ್ದರಿಂದ ದೋಷವನ್ನು ಪಾದದಲ್ಲಿ ಹುಡುಕಬೇಕಿಲ್ಲ.

ದೋಷವಿರುವುದು ಕಾಲನ್ನು ಒಮ್ಮೆ ಕೊಟ್ಟು ಮುಗಿಸುವ ವಸ್ತುವೆಂದು ಬಗೆದದ್ದರಲ್ಲಿ. ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳಲ್ಲಿ ಉಳಿದ ಭಾಗದ ಬಾವು ಇಳಿಯುತ್ತದೆ, ಸ್ನಾಯು ಸೊರಗುತ್ತದೆ. ಆಗ ಅಳತೆಗೆ ಮಾಡಿದ ಸಾಕೆಟ್ಟು ಸಡಿಲವಾಗುತ್ತದೆ. ಬಿರುಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಬೆವರು, ಉಜ್ಜಾಟ ಸೇರಿ ಚರ್ಮ ಸುಲಿಯುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರಿಗೆ ಸ್ಪರ್ಶವೇ ಮಂದವಾಗಿದ್ದರೆ ಹುಣ್ಣು ಕೀವಾಗುವವರೆಗೂ ತಿಳಿಯದು. ಹೀಗಿದ್ದೂ, ಅಂಗವಿಕಲರಿಗೆ ಸಾಧನ ಒದಗಿಸಲು 1981ರಿಂದ ಕೇಂದ್ರ ಸರ್ಕಾರ ನಡೆಸುತ್ತಿರುವ ಅಡಿಪ್ ಯೋಜನೆ ಒಂದೇ ಉದ್ದೇಶಕ್ಕೆ ಮೂರು ವರ್ಷದೊಳಗೆ ಮತ್ತೆ ನೆರವು ಕೊಡುವುದಿಲ್ಲ; ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಆ ಅವಧಿ ಒಂದು ವರ್ಷ. ಒಬ್ಬರೇ ಪದೇ ಪದೇ ಪಡೆಯಬಾರದೆಂಬ ನ್ಯಾಯ ಅದರಲ್ಲಿದೆ. ಆದರೆ ದೇಹ ಅತಿ ಹೆಚ್ಚು ಬದಲಾಗುವುದು ಮೊದಲ ವರ್ಷದಲ್ಲೇ. ಬೆಳೆಯುವ ಮಗುವಿನ ದೇಹವನ್ನು ಗುರುತಿಸಿದ ನಿಯಮ ಕುಗ್ಗುವ ದೇಹವನ್ನು ಗುರುತಿಸಲಿಲ್ಲ. ಬೇಕಾದದ್ದು ಇಡೀ ಹೊಸ ಕಾಲೂ ಅಲ್ಲ, ಹಳೆಯ ಪಾದಕ್ಕೆ ಹೊಸ ಸಾಕೆಟ್ಟು.

ನೋವಿನ ವಿಷಯದಲ್ಲಿ ಒಮ್ಮೆ ಕೊಟ್ಟು ಮುಗಿಸುವ ಈ ಪದ್ಧತಿಯ ಕೊರತೆ ಇನ್ನೂ ಆಳ. ಕತ್ತರಿಸಿದ ಕಾಲಿನ ಬೆರಳು ಉರಿಯುತ್ತದೆ, ಮಡಚಿಕೊಂಡಂತಾಗುತ್ತದೆ ಎನ್ನುವವರು ಅನೇಕರು. ಹುಚ್ಚೆಂದಾರು ಎಂಬ ಅಂಜಿಕೆಯಿಂದ ಬಾಯಿ ಬಿಡದವರೂ ಇದ್ದಾರು. ಅಮೆರಿಕದ ವೈದ್ಯ ಸೈಲಸ್ ವಿಯರ್ ಮಿಚೆಲ್ ಹತ್ತೊಂಬತ್ತನೆಯ ಶತಮಾನದಲ್ಲೇ ಇದಕ್ಕೊಂದು ಹೆಸರಿಟ್ಟಿದ್ದ. 1990ರ ದಶಕದಲ್ಲಿ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಕನ್ನಡಿಯನ್ನು ತಂದರು: ಇರುವ ಅಂಗದ ಬಿಂಬ ಇಲ್ಲದ ಅಂಗದ ಜಾಗದಲ್ಲಿ ಕಂಡಾಗ ಮಿದುಳಿಗೆ ಅದು ಚಲಿಸಿದಂತೆ ತೋರುತ್ತದೆ. 2007ರಲ್ಲಿ ಅಮೆರಿಕದ ಗಾಯಾಳು ಸೈನಿಕರ ಮೇಲೆ ನಡೆದ ಪ್ರಯೋಗದಲ್ಲಿ ಕನ್ನಡಿ ಬಳಸಿದ ಗುಂಪಿನ ನೋವು ತಗ್ಗಿತು. ಆದರೆ ಪ್ರಯೋಗ ತೀರ ಚಿಕ್ಕದು, ಎಲ್ಲರಿಗೂ ಇದು ನಾಟುವುದಿಲ್ಲ. ಗ್ಯಾಬಪೆಂಟಿನ್‌ನಂಥ ನರನೋವಿನ ಮಾತ್ರೆಗಳ ಕಥೆಯೂ ಅಷ್ಟೆ. ಮುಖ್ಯವಾದದ್ದು, ಇಲ್ಲದ ಕಾಲಿನ ನೋವು, ಕತ್ತರಿಸಿದ ನರದ ತುದಿ ಗಂಟಾದ ನೋವು, ಸಾಕೆಟ್ಟು ಒತ್ತಿದ ನೋವು ಬೇರೆ ಬೇರೆ, ಮದ್ದೂ ಬೇರೆ. ಇವನ್ನು ಬಿಡಿಸಿ ನೋಡಲು ಅದೇ ರೋಗಿಯನ್ನು ಮತ್ತೆ ಮತ್ತೆ ಕಾಣಬೇಕು. ನೂಕುನುಗ್ಗಲಿನ ಶಾಮಿಯಾನದಲ್ಲಿ ಅದಾಗದು.

ಬಡವನಿಗೆ ಏನೂ ಇಲ್ಲದಿರುವುದಕ್ಕಿಂತ ಶಿಬಿರ ಮೇಲಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಮೇಲು, ನಿಜ. ಆದರೆ ಹುಣ್ಣು ಮಾಡಿದ ಕಾಲು ಏನೂ ಇಲ್ಲದಿರುವುದಕ್ಕಿಂತ ಕೀಳಾಗಬಹುದು. ಹುಣ್ಣು ಮಾಯದೆ ಮೇಲಕ್ಕೆ ಮತ್ತೆ ಕತ್ತರಿಸಬೇಕಾದೀತು. ಕಂಪ್ಯೂಟರ್ ಮೊಣಕಾಲು ಬರಲಿ, ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಲಕ್ಷಗಟ್ಟಲೆ ಬೆಲೆಯ ಆ ಮೊಣಕಾಲಿಗೂ ಸಾಕೆಟ್ಟೇ ಆಧಾರ, ಅದಕ್ಕೂ ರಿಪೇರಿ ಬೇಕು. ಹಾಗಾದರೆ ಮತ್ತೆ ಮತ್ತೆ ನೋಡಿಕೊಳ್ಳಲು ಜನ ಎಲ್ಲಿದ್ದಾರೆ ಎಂಬುದು ಮೂರನೆಯ ಆಕ್ಷೇಪ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಕಾರ್ಯಕರ್ತ ಗೌರವಧನದ ಮೇಲೆ ದುಡಿಯುವ ವ್ಯವಸ್ಥೆಯಿದೆ. ಹುಣ್ಣು ಗುರುತಿಸುವುದು, ಪಟ್ಟಿ ಸುತ್ತುವುದು, ಸಡಿಲ ಸಾಕೆಟ್ಟಿಗೆ ಕಾಲುಚೀಲ ಸೇರಿಸುವುದು ಅವರು ಕಲಿಯಬಹುದಾದ ಕೆಲಸ. ಸಾಕೆಟ್ಟು ಬದಲಿಸುವುದು, ನೋವು ಪರೀಕ್ಷಿಸುವುದು ತಜ್ಞರದು.

ಆದ್ದರಿಂದ ತೀರ್ಪು ಇಷ್ಟು: ಶಿಬಿರ ಒಳ್ಳೆಯ ಆರಂಭ, ಅಲ್ಲೇ ಮುಗಿದರೆ ಅರ್ಧ ಚಿಕಿತ್ಸೆ. ಮೊದಲ ವರ್ಷದ ಸಾಕೆಟ್ಟು ಬದಲಾವಣೆಯನ್ನು ಮೂರು ವರ್ಷದ ನಿಯಮದಿಂದ ಹೊರಗಿಡಬೇಕು; ವಾರಕ್ಕೊಂದು ನಿಗದಿತ ದಿನ ಕಲಬುರಗಿಯಲ್ಲೇ ಕಾಲಿನ ರಿಪೇರಿಯೂ ನೋವಿನ ಚಿಕಿತ್ಸೆಯೂ ಒಂದೇ ಸೂರಿನಡಿ ಸಿಗಬೇಕು. ಅಂಗವಿಕಲರ ರಿಯಾಯಿತಿ ಬಸ್ ಪಾಸು ನಡೆಯುವುದು ವಾಸದ ಊರಿನಿಂದ 100 ಕಿ.ಮೀ.ವರೆಗೆ. ಕಮಲಾಪುರದವನಿಗೆ ಕಲಬುರಗಿ ಆ ಗೆರೆಯ ಒಳಗಿದೆ, ಬೆಂಗಳೂರು ಇಲ್ಲ.