ಗುಳೆ ಹೋಗುವ ಮಗು ಮತ್ತು ಕನ್ನಡದ ಮಕ್ಕಳ ಸಾಹಿತ್ಯ

ವಲಸೆ ಕುಟುಂಬಗಳ ಕಷ್ಟವನ್ನು ಮಕ್ಕಳ ಸಾಹಿತ್ಯದ ಗಂಭೀರ ವಸ್ತುವಾಗಿಸಿದವರಲ್ಲಿ ಅಮೆರಿಕದ ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಲೇಖಕರು ಪ್ರಮುಖರು. ಫ್ರಾನ್ಸಿಸ್ಕೊ ಹಿಮೆನೆಸ್ ಅವರ 'ದಿ ಸರ್ಕ್ಯೂಟ್' (1997) ಕೃತಿಯಲ್ಲಿ ಹತ್ತಿ, ದ್ರಾಕ್ಷಿ, ಸ್ಟ್ರಾಬೆರಿಗಳ ಸುಗ್ಗಿಯ ಹಿಂದೆ ಅಲೆಯುವ ಮನೆಯ ಹುಡುಗನು ಶಿಕ್ಷಕರ ವಿಶ್ವಾಸ ಗಳಿಸಿ ಸಂತೋಷದಿಂದ ಮರಳಿದ ದಿನವೇ ಸಾಮಾನೆಲ್ಲ ಪೆಟ್ಟಿಗೆ ಸೇರಿರುವುದನ್ನು ಕಾಣುತ್ತಾನೆ. ಪಾಮ್ ಮುನ್ಯೋಸ್ ರಯಾನ್ ಅವರ 'ಎಸ್ಪೆರಾನ್ಸಾ ರೈಸಿಂಗ್' (2000) ಕಾದಂಬರಿಯಲ್ಲಾದರೋ ಜಮೀನ್ದಾರನ ಮಗಳು ತಂದೆಯನ್ನು ಕಳೆದುಕೊಂಡು ಕೂಲಿ ಶಿಬಿರಕ್ಕೆ ಬರುತ್ತಾಳೆ. ಎರಡನೆಯದರಲ್ಲಿ ಬಡತನವು ಸಿರಿವಂತಿಕೆಯಿಂದ ಜಾರಿದ ಪತನ, ಮೊದಲನೆಯದರಲ್ಲಿ ಅದು ದಿನನಿತ್ಯದ ಸ್ಥಿತಿ. ಹಿಮೆನೆಸ್ ಅವರ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ.

ಕನ್ನಡ ನಾಡಿನಲ್ಲಿಯೂ, ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಇಂಥ ಬರವಣಿಗೆಗೆ ಬೇಕಾದ ಅನುಭವಕ್ಕೆ ಕೊರತೆಯಿಲ್ಲ. 1977ರಲ್ಲಿ ಪೂರ್ಣಗೊಂಡು 51 ಟಿಎಂಸಿ ನೀರು ಹಿಡಿಯುವ ಹಿಡಕಲ್ ಜಲಾಶಯವು ಈ ಭಾಗದ ಕಬ್ಬಿನ ಬೆಳೆಯನ್ನು ಹಬ್ಬಿಸಿತು, ಹುನ್ನೂರಿನಂಥ ಊರನ್ನು ಮುಳುಗಿಸಿತು. 2019ರ ಆಗಸ್ಟಿನ ಮಹಾಪೂರದಲ್ಲಿ ಘಟಪ್ರಭಾ, ಮಾರ್ಕಂಡೇಯ ನದಿಗಳು ಗೋಕಾಕದ ಎಷ್ಟೋ ಕುಟುಂಬಗಳನ್ನು ಮನೆ ಬಿಡಿಸಿದವು. ಕಬ್ಬಿನ ಹಂಗಾಮಿನಲ್ಲಿ ಟೋಳಿಗಳು, ಅಂದರೆ ಕೂಲಿ ಗುತ್ತಿಗೆದಾರನಾದ ಮುಕಾದಮನಿಂದ ಮುಂಗಡ ಹಣ ಪಡೆದ ಕೂಲಿ ತಂಡಗಳು, ಮಹಾರಾಷ್ಟ್ರದ ಬರಪೀಡಿತ ಬೀಡ ಜಿಲ್ಲೆಯಂಥ ಕಡೆಗಳಿಂದ ಬಂದು ಹೊಲದಂಚಿನಲ್ಲಿ ಜೋಪಡಿ ಹಾಕುತ್ತವೆ. ಮುಂಗಡವು ಸಾಮಾನ್ಯವಾಗಿ ಗಂಡಹೆಂಡಿರ ಜೋಡಿಯ ಲೆಕ್ಕದಲ್ಲಿ ದೊರೆಯುವುದರಿಂದ, ನೀರು ತರುವ, ಕಬ್ಬಿನ ಸೋಗೆ ಹೊರುವ, ತಮ್ಮತಂಗಿಯರನ್ನು ಸಂಬಾಳಿಸುವ ಮಗುವಿನ ದುಡಿಮೆಯು ಯಾವ ಲೆಕ್ಕದಲ್ಲಿಯೂ ಸೇರುವುದಿಲ್ಲ. ಇತ್ತ ಇದೇ ಸೀಮೆಯ ಕುರಿಗಾರ ಕುಟುಂಬಗಳು ಮೇವು ಅರಸಿ ಮಕ್ಕಳುಮರಿಗಳೊಂದಿಗೆ ತಿಂಗಳುಗಟ್ಟಲೆ ಊರು ಬಿಡುತ್ತವೆ. ಬರುವ ಮಗು, ಹೋಗುವ ಮಗು ಇಬ್ಬರಿಗೂ ಶಾಲೆ ತಪ್ಪುತ್ತದೆ.

ಈ ನೆಲದಲ್ಲಿ ದೊಡ್ಡ ಲೇಖಕರು ಹುಟ್ಟಿದ್ದಾರೆ. ಗೋಕಾಕ ತಾಲ್ಲೂಕಿನ ಬಸವರಾಜ ಕಟ್ಟೀಮನಿಯವರು (1919–1989) ದುಡಿಯುವವರ ಸಿಟ್ಟನ್ನು ಕಾದಂಬರಿಗೆ ತಂದರು, ಆದರೆ ಅದು ದೊಡ್ಡವರ ಓದು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಚಂದ್ರಶೇಖರ ಕಂಬಾರರು ಬಡತನದಿಂದಾಗಿ ಶಾಲೆ ಬಿಡಬೇಕಾಗಿ ಬಂದಾಗ ಸಾವಳಗಿ ಮಠದ ಸಿದ್ಧರಾಮ ಸ್ವಾಮೀಜಿಯವರು ಪ್ರೌಢಶಾಲೆಯ ವೆಚ್ಚ ವಹಿಸಿಕೊಂಡರು. ಮಕ್ಕಳಿಗಾಗಿ ಕಂಬಾರರು ಬರೆದ 'ಆಲಿಬಾಬಾ', 'ಕಿಟ್ಟಿಯ ಕಥೆ' ನಾಟಕಗಳು ಮಕ್ಕಳ ರಂಗಭೂಮಿಗೆ ಬೆಲೆಯುಳ್ಳ ಕೊಡುಗೆಗಳೇ. ಆದರೂ ಶಾಲೆ ತಪ್ಪಿದ ಹುಡುಗನ ಆ ಅನುಭವಕ್ಕೆ ಕನ್ನಡದ ಮಕ್ಕಳ ಪುಸ್ತಕಗಳಲ್ಲಿ ಸಿಗಬೇಕಾದ ಸ್ಥಾನ ಇನ್ನೂ ಸಿಕ್ಕಿಲ್ಲ.

ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ, ವಿಜಯಪುರದ ಶಿಶು ಸಂಗಮೇಶರು ಬೆಳೆಸಿದ ಮಕ್ಕಳ ಸಾಹಿತ್ಯದ ಪರಂಪರೆ ಲಯ, ನಗೆ, ಕಲ್ಪನೆಗಳಲ್ಲಿ ಶ್ರೀಮಂತವಾದುದು, ಅದನ್ನು ಕಡೆಗಣಿಸುವಂತಿಲ್ಲ. ಆದರೆ ಬಡತನ ವಸ್ತುವಾದಾಗ ಕನ್ನಡದ ಮಕ್ಕಳ ಕಥೆಯು ಅನೇಕ ವೇಳೆ ಜಾಣ ಹುಡುಗನೊಬ್ಬನನ್ನು ಆರಿಸಿ, ಉಪಕಾರಿಯೊಬ್ಬನನ್ನು ತಂದು, ಬಹುಮಾನ ಕೊಡಿಸಿ ಮುಗಿದುಬಿಡುತ್ತದೆ. ಕಂಬಾರರ ಬಾಳಿನಲ್ಲಿ ಉಪಕಾರಿಯು ನಿಜವಾಗಿದ್ದರು. ಅದನ್ನೇ ಕಥೆಯ ಸೂತ್ರವಾಗಿಸಿದರೆ ಜಾಣನಲ್ಲದ, ಯಾರ ಕಣ್ಣಿಗೂ ಬೀಳದ ಮಗು ಪುಸ್ತಕದಿಂದಲೂ ಹೊರಗುಳಿಯುತ್ತದೆ, ಮುಂಗಡದ ಸಾಲ ಏಕೆ ತೀರುವುದಿಲ್ಲವೆಂಬ ಪ್ರಶ್ನೆಯನ್ನು ಓದುವ ಮಗು ಕೇಳಿಕೊಳ್ಳುವುದೇ ಇಲ್ಲ. ಇಂಥ ಕಥೆಗಳ ಶಿಷ್ಟ ಗ್ರಂಥಭಾಷೆಯೂ, ಮನೆಯಲ್ಲಿ ಗೋಕಾಕದ ಕನ್ನಡವನ್ನೋ ಗಡಿಯ ಮರಾಠಿಯನ್ನೋ ಆಡುವ ಮಗುವನ್ನು ದೂರವೇ ಇಡುತ್ತದೆ.

ಆದುದರಿಂದ ಧಾರವಾಡ, ಬೆಳಗಾವಿಗಳ ಲೇಖಕರೂ ಪ್ರಕಾಶಕರೂ ಟೆಂಟ್ ಶಾಲೆಗಳ, ಅಂದರೆ ವಲಸೆ ಮಕ್ಕಳಿಗಾಗಿ ನಡೆಸುವ ತಾತ್ಕಾಲಿಕ ಶಾಲೆಗಳ ಶಿಕ್ಷಕರಿಂದಲೂ ಕುರಿಗಾರರ ಮಕ್ಕಳಿಂದಲೂ ಅವರವರ ಮಾತಿನಲ್ಲಿಯೇ ಕಥೆಗಳನ್ನು ಬರೆಯಿಸಿಕೊಂಡು, ಕಡಿಮೆ ಬೆಲೆಗೆ ಅಚ್ಚು ಹಾಕಿ, ಈ ಮೂರು ತಾಲ್ಲೂಕುಗಳ ಶಾಲೆಗಳಿಗೆ ತಲುಪಿಸುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.