ಅಳೆದದ್ದು ಮತ, ತೋರಿಸಿದ್ದು ಸೀಟು

2024ರ ಜೂನ್ 1ರ ಸಂಜೆ, ಲೋಕಸಭಾ ಚುನಾವಣೆಯ ಏಳನೇ ಹಂತದ ಮತದಾನ ಮುಗಿದ ಬೆನ್ನಿಗೇ, ಸುದ್ದಿವಾಹಿನಿಗಳು ಹೆಚ್ಚುಕಡಿಮೆ ಒಂದೇ ದನಿಯಲ್ಲಿ ಮಾತಾಡಿದವು. ಎನ್‌ಡಿಎಗೆ 350ಕ್ಕಿಂತ ಹೆಚ್ಚು ಸೀಟು ಎಂದವು ಬಹುಪಾಲು ಎಕ್ಸಿಟ್ ಪೋಲ್‌ಗಳು. ಕೆಲವು 400ನ್ನೂ ಮುಟ್ಟಿದವು. ಜೂನ್ 4ರ ಎಣಿಕೆಯಲ್ಲಿ ಎನ್‌ಡಿಎ 293ಕ್ಕೆ ನಿಂತಿತು, ಬಿಜೆಪಿ 240ಕ್ಕೆ ಇಳಿದು ಸ್ವಂತ ಬಹುಮತ ಕಳೆದುಕೊಂಡಿತು. ನಾಲ್ಕು ತಿಂಗಳ ಬಳಿಕ ಹರಿಯಾಣದಲ್ಲಿ ತಪ್ಪು ಎದುರು ದಿಕ್ಕಿಗೆ ಹೊರಳಿತು. ಅಲ್ಲಿ ಸಮೀಕ್ಷೆಗಳು ಕಾಂಗ್ರೆಸ್ಸನ್ನು ಗೆಲ್ಲಿಸಿದ್ದವು, ಮತದಾರರು ಬಿಜೆಪಿಗೆ 90ರಲ್ಲಿ 48 ಸ್ಥಾನ ಕೊಟ್ಟರು. ಹಾಗಾಗಿ ಪಕ್ಷಪಾತ ಎಂಬ ಒಂದೇ ಆರೋಪದಿಂದ ಈ ಎರಡೂ ಸೋಲುಗಳನ್ನು ವಿವರಿಸಲು ಬರುವುದಿಲ್ಲ. ಸಮೀಕ್ಷಕರು ಅಳೆಯುವುದು ಒಂದನ್ನು, ಪರದೆಯ ಮೇಲೆ ಬರುವುದು ಇನ್ನೊಂದು. ಮೊದಲನೆಯದು ಎರಡನೆಯದಾಗುವ ದಾರಿಯನ್ನು ಮಾತ್ರ ನೋಡುಗರಿಗೆ ಯಾರೂ ತೋರಿಸುತ್ತಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ನಮ್ಮ ಕರ್ನಾಟಕದ ಎರಡು ಚುನಾವಣೆಗಳನ್ನು ಪಕ್ಕಪಕ್ಕ ಇಟ್ಟರೆ ಇದು ಸ್ಪಷ್ಟವಾಗುತ್ತದೆ. 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ 38, ಬಿಜೆಪಿಗೆ ಸುಮಾರು ಶೇ 36 ಮತ ಬಂದವು. ಫಲಿತಾಂಶದ ದಿನ ಸೀಟುಗಳಲ್ಲಿ ಮಾತ್ರ ಬಿಜೆಪಿ 104, ಕಾಂಗ್ರೆಸ್ 78. ಹೆಚ್ಚು ಮತ ಪಡೆದ ಪಕ್ಷ ಎರಡನೇ ಸ್ಥಾನಕ್ಕೆ ಸರಿಯಿತು. ಐದು ವರ್ಷಗಳ ನಂತರ, 2023ರಲ್ಲಿ, ಬಿಜೆಪಿಯ ಮತಪ್ರಮಾಣ ಅದೇ ಶೇ 36ರ ಆಸುಪಾಸಿನಲ್ಲೇ ಉಳಿಯಿತು, ಆದರೆ ಸೀಟುಗಳು 66ಕ್ಕೆ ಕುಸಿದವು. ಜೆಡಿಎಸ್ ಕಳೆದುಕೊಂಡಷ್ಟೇ ಹೆಚ್ಚುಕಡಿಮೆ ಕಾಂಗ್ರೆಸ್ಸಿಗೆ ಸೇರಿ, ಅದು ಶೇ 43ರ ಹತ್ತಿರ ಬಂದು 135 ಸ್ಥಾನ ಗೆದ್ದಿತು. ಅಂದರೆ ಬಿಜೆಪಿಯ ಮತವನ್ನು ಎರಡೂ ಸಲ ಕರಾರುವಾಕ್ಕಾಗಿ ಅಳೆದ ಸಮೀಕ್ಷೆಗೂ ಸೀಟಿನ ಲೆಕ್ಕದಲ್ಲಿ 38 ಸ್ಥಾನಗಳಷ್ಟು ಎಡವುವ ಅವಕಾಶವಿತ್ತು. ಹಳೇ ಮೈಸೂರಿನ ತ್ರಿಕೋನ ಸ್ಪರ್ಧೆ, ಕರಾವಳಿಯ ನೇರ ಹಣಾಹಣಿ, ಬಂಡಾಯ ಅಭ್ಯರ್ಥಿ ಕಸಿಯುವ ಕೆಲವು ಸಾವಿರ ಮತ, ಇವೆಲ್ಲ ಸೇರಿ ಮತವನ್ನು ಸೀಟಾಗಿಸುತ್ತವೆ. ಈ ಹಂತದಲ್ಲಿ ಜನರ ಉತ್ತರ ಮುಗಿದಿರುತ್ತದೆ. ಅಲ್ಲಿಂದ ಮುಂದಿನದು ಸಮೀಕ್ಷಕರ ಊಹೆ. ಊಹೆ ಮಾಡುವುದು ತಪ್ಪಲ್ಲ. ಅದನ್ನು ಜನಾಭಿಪ್ರಾಯವೆಂದು ಕರೆದು ಬಿತ್ತರಿಸುವುದು ತಪ್ಪು.

ಮಾದರಿಯ ಗಾತ್ರವನ್ನೇ ದೊಡ್ಡದಾಗಿ ಸಾರುವುದು ಈ ಕೊರತೆಗೆ ಉತ್ತರವಲ್ಲ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಚೀಟಿ ಕಳಿಸಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಅಧ್ಯಕ್ಷ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆಂದು ಹೇಳಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳನ್ನು ಆ ಪತ್ರಿಕೆ ನೆಚ್ಚಿಕೊಂಡಿತ್ತು. ಉತ್ತರ ಬರೆದು ಕಳಿಸುವ ಉಮೇದು ಇದ್ದವರು ಅವರಲ್ಲೂ ಒಂದು ಪಾಲು ಮಾತ್ರ. ಅದಕ್ಕಿಂತ ಎಷ್ಟೋ ಚಿಕ್ಕ ಮಾದರಿಯಿಂದ ಜಾರ್ಜ್ ಗ್ಯಾಲಪ್ ಗೆದ್ದವರನ್ನು ಸರಿಯಾಗಿ ಹೇಳಿದ್ದರು. ಇಲ್ಲೂ ಕೇಳಬೇಕಾದ ಪ್ರಶ್ನೆ ಅದೇ: ಯಾರು ಉತ್ತರಿಸಲಿಲ್ಲ? ಊರಿನ ಬಲಾಢ್ಯರ ಎದುರು ಬಾಯಿ ಬಿಡಲು ಅಂಜುವ ಕೂಲಿಯಾಳು, ಅಪರಿಚಿತರ ಮುಂದೆ ಮಾತು ನುಂಗುವ ಹೆಣ್ಣುಮಗಳು ಮತ ಹಾಕುತ್ತಾರೆ, ಮತಗಟ್ಟೆಯ ಹೊರಗೆ ಪ್ರಶ್ನೆಗೆ ಸಿಗುವುದಿಲ್ಲ. ಇಂಥವರ ಮೌನವನ್ನು ಯಾವ ಲೆಕ್ಕದಿಂದ ತುಂಬಿದಿರಿ ಎಂಬುದೇ ಸಮೀಕ್ಷೆಯ ಯೋಗ್ಯತೆಯನ್ನು ತೀರ್ಮಾನಿಸಬೇಕು.

ಕೆಲವರು ಸರಿಯಾಗಿ ಹೇಳಿದ್ದೂ ಉಂಟಲ್ಲ ಎಂದು ಕೇಳಬಹುದು. ಉಂಟು. 2023ರ ಕರ್ನಾಟಕದಲ್ಲಿ ಹಲವು ಸಮೀಕ್ಷೆಗಳು ಅತಂತ್ರ ವಿಧಾನಸಭೆಯತ್ತ ಬೆರಳು ತೋರಿಸುತ್ತಿದ್ದಾಗ ಆಕ್ಸಿಸ್ ಮೈ ಇಂಡಿಯಾ ಕಾಂಗ್ರೆಸ್ಸಿಗೆ 122ರಿಂದ 140 ಕೊಟ್ಟಿತ್ತು. ಅದೇ ಸಂಸ್ಥೆ ಮರುವರ್ಷ ಎನ್‌ಡಿಎಗೆ 361ರಿಂದ 401 ಎಂದಿತು. ಮೊದಲನೆಯದು ಏಕೆ ಫಲಿಸಿತು, ಎರಡನೆಯದು ಏಕೆ ಹುಸಿಯಾಯಿತು ಎಂದು ಹೊರಗಿನವರು ಪರಿಶೀಲಿಸಲಾಗದಿದ್ದರೆ ಹಿಂದಿನ ಗೆಲುವು ಮುಂದಿನದಕ್ಕೆ ಜಾಮೀನಾಗದು. ಭಾರತದಂಥ ದೇಶದಲ್ಲಿ ನಿಖರತೆ ಕೇಳುವುದೇ ಅನ್ಯಾಯ ಎಂಬ ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ. ಬ್ರಿಟನ್ನಿನಲ್ಲೂ ಹೆಚ್ಚು ಮತ ಪಡೆದವರೇ ಕ್ಷೇತ್ರ ಗೆಲ್ಲುವ ಪದ್ಧತಿಯಿದೆ, ಆದರೆ ನಮ್ಮಷ್ಟು ಜಾತಿ, ಭಾಷೆ, ಪಕ್ಷಗಳ ಸಿಕ್ಕಿಲ್ಲ. ಅಲ್ಲಿನ ಮೂರು ಪ್ರಸಾರ ಸಂಸ್ಥೆಗಳು ಒಟ್ಟಾಗಿ ಒಂದೇ ಎಕ್ಸಿಟ್ ಪೋಲ್ ಮಾಡಿಸುತ್ತವೆ. ಮತದಾರ ಅಣಕು ಮತಚೀಟಿಯನ್ನು ಯಾರಿಗೂ ತೋರಿಸದೆ ಪೆಟ್ಟಿಗೆಗೆ ಹಾಕುತ್ತಾನೆ, ಸಾಧ್ಯವಾದಷ್ಟೂ ಹಿಂದಿನ ಮತಗಟ್ಟೆಗಳಿಗೇ ಹೋಗಿ ಬದಲಾವಣೆಯನ್ನು ಅಳೆಯುತ್ತಾರೆ. 2024ರಲ್ಲಿ ಅದು ಲೇಬರ್ ಪಕ್ಷಕ್ಕೆ ಹೇಳಿದ್ದು 410, ಬಂದದ್ದು 411. ಆ ನಿಖರತೆ ಇಲ್ಲಿ ಬರದಿರಬಹುದು. ಆದರೆ ವಿಧಾನವನ್ನು ಬಿಚ್ಚಿಡಲು ನಮ್ಮ ವೈವಿಧ್ಯ ಅಡ್ಡಿಯಲ್ಲ. ಕೆಲಸ ಕಷ್ಟವಾದಷ್ಟೂ ಬಿಚ್ಚಿಡುವ ಹೊಣೆ ಹೆಚ್ಚುತ್ತದೆ.

ಮತದಾನ ಮುಗಿದ ಮೇಲೆ ಬರುವ ಸಂಖ್ಯೆಯಿಂದ ಯಾರಿಗೇನು ನಷ್ಟ ಎನ್ನುವವರು ಷೇರುಪೇಟೆಯನ್ನು ನೋಡಲಿ. 2024ರ ಜೂನ್ 3ರಂದು ಸೆನ್ಸೆಕ್ಸ್ 2,500 ಅಂಶಗಳಿಗೂ ಮಿಕ್ಕಿ ಏರಿತು, ಮರುದಿನ ಸುಮಾರು 4,390 ಅಂಶ ಬಿತ್ತು. ಏರಿದ ದಿನ ನಂಬಿ ಕೊಂಡವರು ಹಣ ತೆತ್ತರು. ಇದಕ್ಕಿಂತ ನನ್ನನ್ನು ಕಾಡುವುದು ಬೇರೆ ನಷ್ಟ. ಅದೇ ಲೋಕಸಭಾ ಚುನಾವಣೆಗೆ ಮುನ್ನ ಸಿಎಸ್‌ಡಿಎಸ್-ಲೋಕನೀತಿ ಸಮೀಕ್ಷೆಯಲ್ಲಿ ಜನ ನಿರುದ್ಯೋಗ ಮತ್ತು ಬೆಲೆಯೇರಿಕೆಯನ್ನು ತಮ್ಮ ಮುಖ್ಯ ಚಿಂತೆಗಳೆಂದು ಹೇಳಿದ್ದರು. ಜನಾಭಿಪ್ರಾಯ ಎಂಬ ಮಾತಿಗೆ ತಕ್ಕದ್ದು ಅದು. ಸೀಟಿನ ಪಟ್ಟಿ ಪರದೆಯನ್ನು ಆವರಿಸಿದ ಸಂಜೆ ಮತದಾರ ಬರಿಯ ಅಂಕಿಯಾಗುತ್ತಾನೆ, ಅವನು ಯಾಕೆ ಹಾಗೆ ಮತ ಹಾಕಿದ ಎಂಬುದು ಚರ್ಚೆಯ ಅಂಚಿಗೆ ಸರಿಯುತ್ತದೆ.

ಹಾಗಂತ ನಿಷೇಧ ಬೇಡ. ನಿಷೇಧಿಸಿದರೆ ಪಕ್ಷಗಳು ತಮಗಾಗಿ ಗುಟ್ಟಾಗಿ ಮಾಡಿಸುವ ಸಮೀಕ್ಷೆ ಮತ್ತು ಬೆಟ್ಟಿಂಗ್ ದಂಧೆಯ ದರ ಮಾತ್ರ ಉಳಿಯುತ್ತವೆ. ಪ್ರಜಾಪ್ರತಿನಿಧಿ ಕಾಯ್ದೆಯ 126ಎ ಕಲಮು ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆಯಾಗುವವರೆಗೆ ಎಕ್ಸಿಟ್ ಪೋಲ್ ಪ್ರಕಟಣೆಯನ್ನು ತಡೆಯುತ್ತದೆ. ಯಾವಾಗ ಹೇಳಬೇಕೆಂಬುದು ಅದರಲ್ಲಿದೆ, ಏನನ್ನೆಲ್ಲ ಹೇಳಬೇಕೆಂಬುದಿಲ್ಲ. ಎರಡನೆಯದನ್ನು ಭಾರತೀಯ ಪತ್ರಿಕಾ ಮಂಡಳಿ 1996ರಲ್ಲೇ ಪತ್ರಿಕೆಗಳಿಗೆ ಹೇಳಿತ್ತು: ಸಮೀಕ್ಷೆ ಮಾಡಿದವರು ಯಾರು, ಮಾಡಿಸಿದವರು ಯಾರು, ಮಾದರಿ ಎಷ್ಟು, ಅದನ್ನು ಆರಿಸಿದ್ದು ಹೇಗೆ, ತಪ್ಪುವ ಸಾಧ್ಯತೆ ಎಷ್ಟು ಎಂಬುದು ಎದ್ದು ಕಾಣುವಂತಿರಬೇಕು. ಇದಕ್ಕೆ ಪ್ರತಿ ಪಕ್ಷದ ಮತಪ್ರಮಾಣವನ್ನೂ ಅದನ್ನು ಸೀಟಾಗಿಸಿದ ಲೆಕ್ಕವನ್ನೂ ಸೇರಿಸಿ, ವಾಹಿನಿಗಳಿಗೂ ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ, ಈ ವಿವರಗಳಿಲ್ಲದೆ ಪರದೆಗೆ ಬರುವ ಸೀಟಿನ ಸಂಖ್ಯೆಯನ್ನು ಓದುಗರು ದಯವಿಟ್ಟು ಇನ್ನೊಬ್ಬರಿಗೆ ದಾಟಿಸಬೇಡಿ.