ಫೋಟೋ ಚಂದ, ಬಿಸಿ ಎಲ್ಲಿ?

ಸ್ಟೆಲ್ಲಾ ಮೆಗೀ ನಿರ್ದೇಶನದ 'ದ ಫೋಟೋಗ್ರಾಫ್' (2020) ನೋಡಿದೆ. ಈಸಾ ರೇ, ಲಕೀತ್ ಸ್ಟ್ಯಾನ್‌ಫೀಲ್ಡ್ ಜೋಡಿ. ಅಮೆರಿಕದ ದೊಡ್ಡ ಸಿನಿಮಾಗಳಲ್ಲಿ ಕಪ್ಪು ಜನರ ಕತೆ ಅಂದ್ರೆ ಹೆಚ್ಚಾಗಿ ಗುಲಾಮಗಿರಿ, ಪೊಲೀಸು, ಜೈಲು. 'ಇಫ್ ಬೀಲ್ ಸ್ಟ್ರೀಟ್ ಕುಡ್ ಟಾಕ್'ನಂಥ ಒಳ್ಳೇ ಚಿತ್ರದಲ್ಲೂ ಪ್ರೇಮಿಗಳ ನಡುವೆ ಜೈಲಿನ ಗಾಜು ಇತ್ತು. ಇಲ್ಲಿ ಅದ್ಯಾವುದೂ ಇಲ್ಲ. ಇಬ್ಬರಿಗೂ ಒಳ್ಳೇ ಕೆಲಸ, ನ್ಯೂಯಾರ್ಕ್ ವಾಸ, ಹೊರಗೆ ಮಳೆ, ಹಿಂದೆ ರಾಬರ್ಟ್ ಗ್ಲಾಸ್ಪರ್ ಸಂಗೀತ. ಒಂದ್ಸಲ ಸುಮ್ನೆ ಪ್ರೀತಿಸಲಿ ಬಿಡಿ ಅನ್ನೋ ಆಸೆ ನಂಗೂ ಇತ್ತು.

ಆದ್ರೆ ನೋವು ತೆಗೆಯೋಕೆ ಹೋಗಿ ಬಿಸಿಯನ್ನೂ ತೆಗೆದುಬಿಟ್ಟಿದ್ದಾರೆ. ಇಬ್ಬರ ಮನಸ್ತಾಪವೂ ಆಫೀಸಿನ ಮೀಟಿಂಗ್ ಥರ ಮುಗಿಯುತ್ತೆ. ಅವನಿಗೆ ಲಂಡನ್ನಿನಲ್ಲಿ ಕೆಲಸ ಸಿಗುತ್ತೆ, ಅದೇ ದೊಡ್ಡ ಅಡ್ಡಿ! 1997ರ 'ಲವ್ ಜೋನ್ಸ್' ನೋಡಿ. ಅದೂ ಪೊಲೀಸರ ಕತೆಯಲ್ಲ. ಆದರೆ ಹುಡುಗಿ ಹಳೇ ಗೆಳೆಯನನ್ನು ನೋಡೋಕೆ ಹೊರಟಾಗ, ಹೋಗಬೇಡ ಅನ್ನೋಕೆ ನಾಯಕನಿಗೆ ಬಿಗುಮಾನ. ಅಷ್ಟು ಸಾಕು, ನಮ್ಮ ಹೊಟ್ಟೆಯೂ ಉರಿಯುತ್ತೆ.

'ಫೋಟೋಗ್ರಾಫ್'ನಲ್ಲಿ ಜೀವ ಇರೋದು ನಾಯಕಿಯ ತಾಯಿಯ ಹಳೇ ಕತೆಯಲ್ಲಿ. ಲೂಸಿಯಾನಾದ ಹಳ್ಳಿ, ಏಡಿ ಹಿಡಿಯುವ ಐಸಾಕ್, ಅವನನ್ನು ಬಿಟ್ಟು ಫೋಟೋಗ್ರಾಫರ್ ಆಗೋಕೆ ನ್ಯೂಯಾರ್ಕಿಗೆ ಹೋದ ಕ್ರಿಸ್ಟಿನಾ. ಊರು ಬಿಟ್ಟು ಬಂದ ನನ್ನಂಥವನಿಗೆ ಆ ಭಾಗ ಗಂಟಲಲ್ಲಿ ಸಿಕ್ಕಿಕೊಂಡಿತು. ಇನ್ನು ಹತ್ತು ನಿಮಿಷ ಅಲ್ಲೇ ಇರಿ ಮಾರಾಯ್ರೇ ಅಂತ ಕೂಗಬೇಕು ಅನ್ನಿಸೋ ಹೊತ್ತಿಗೆ, ಕ್ಯಾಮೆರಾ ಮತ್ತೆ ನ್ಯೂಯಾರ್ಕಿಗೆ ಓಡಿಬಂದಿರುತ್ತೆ.